ಬೇಸಿಗೆಯ ಎಂಟು ವಾರ: ವಿಜಯಪುರ ಸೀಮೆಯ ಪದವಿ ವಿದ್ಯಾರ್ಥಿಗಳಿಗೆ ಗಣಿತ, ಸಂಖ್ಯಾಶಾಸ್ತ್ರ ಸಂಶೋಧನೆಯ ಸಮಗ್ರ ಮಾರ್ಗದರ್ಶಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಸಂಶೋಧನೆ ಎಂದರೆ ಎಂ.ಎಸ್ಸಿ. ಮುಗಿದ ಮೇಲೆ, ಅದೂ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಮಾಡುವ ಕೆಲಸ ಎಂದು. ರಸಾಯನಶಾಸ್ತ್ರದವರು ಹಾಗೆಂದರೆ ಒಪ್ಪಬಹುದು; ಅವರಿಗೆ ಪ್ರಯೋಗಾಲಯ ಬೇಕು. ಗಣಿತದವರಿಗೆ ಕಾಗದ, ಪೆನ್ನು, ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ವಾರಕ್ಕೊಮ್ಮೆ ಎದುರು ಕೂತು ಕೇಳುವ ಒಬ್ಬ ಅಧ್ಯಾಪಕರು ಸಾಕು. ಇವುಗಳ ಜೊತೆಗೆ ಎಂಟು ವಾರಗಳಲ್ಲಿ ಮುಗಿಯುವಷ್ಟು ಸಣ್ಣ ಪ್ರಶ್ನೆಯೊಂದು ಬೇಕು. ಅರ್ಧಕ್ಕೆ ನಿಂತ ಪ್ರಾಜೆಕ್ಟ್‌ಗಳನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ಒಂದೇ ಕಾರಣ: ಹುಡುಗರು ಜಾಣರೇ, ಆದರೆ ಹಿಡಿದ ಪ್ರಶ್ನೆ ಅವರ ತೋಳಿಗೆ ಸಿಗದಷ್ಟು ದೊಡ್ಡದು. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಪ್ರಶ್ನೆಯ ಸುತ್ತಲೇ ಇದೆ.

ದೀಪಾವಳಿಗೇ ಆರಂಭಿಸಿ

ಬೇಸಿಗೆಯ ಕೆಲಸಕ್ಕೆ ಮೇ ತಿಂಗಳಲ್ಲಿ ಓಡಾಡಿದರೆ ಏನೂ ದಕ್ಕುವುದಿಲ್ಲ. ದೊಡ್ಡ ಅವಕಾಶಗಳ ಅರ್ಜಿಗಳು ಹಿಂದಿನ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ಹೊರಬೀಳುತ್ತವೆ.

ಮೊದಲನೆಯದು ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಆಯ್ಕೆಯಾದವರು ಎರಡು ತಿಂಗಳು ದೇಶದ ಯಾವುದಾದರೂ ಸಂಸ್ಥೆಯಲ್ಲಿ ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡುತ್ತಾರೆ, ಶಿಷ್ಯವೇತನವೂ ಇರುತ್ತದೆ. ಗಣಿತ ಇದರಲ್ಲಿ ಸೇರಿದೆ. ಅರ್ಜಿಯ ಜೊತೆ ನೀವು ಏನು ಮಾಡಬಯಸುತ್ತೀರಿ ಎಂಬ ಕಿರುಬರಹವನ್ನೂ ಅಧ್ಯಾಪಕರ ಶಿಫಾರಸನ್ನೂ ಕೇಳುತ್ತಾರೆ. ಅಂಕಪಟ್ಟಿ ಎಲ್ಲರದೂ ಚೆನ್ನಾಗಿಯೇ ಇರುವುದರಿಂದ ಆ ಕಿರುಬರಹಕ್ಕೆ ಹೆಚ್ಚು ಬೆಲೆ.

ಎರಡನೆಯದು ಎಂಟಿಟಿಎಸ್ ಎಂದೇ ಹೆಸರಾದ ಗಣಿತ ತರಬೇತಿ ಮತ್ತು ಪ್ರತಿಭಾ ಶೋಧ ಶಿಬಿರ. 1993ರಿಂದ ನಡೆದುಬಂದಿರುವ ಇದು ಬೇಸಿಗೆಯಲ್ಲಿ ನಾಲ್ಕು ವಾರಗಳ ಕಾಲ ಇರುತ್ತದೆ. ಇದು ನೇರವಾಗಿ ಸಂಶೋಧನೆಯಲ್ಲ. ಆದರೆ ಸೂತ್ರ ಬಾಯಿಪಾಠ ಮಾಡಿ ಪಾಸಾಗುತ್ತ ಬಂದವರಿಗೆ 'ಏಕೆ?' ಎಂದು ಕೇಳುವುದನ್ನು ಕಲಿಸುವ ಜಾಗ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನಮ್ಮ ಕಡೆಯ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ಬೆಂಗಳೂರಿನ ಹೆಸರಘಟ್ಟದ ಬಳಿಯ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ) ಕೂಡ ಬೇಸಿಗೆ ಕಾರ್ಯಕ್ರಮಗಳನ್ನು ನಡೆಸಿವೆ. ಯಾವುದಕ್ಕೆ ಯಾರು ಅರ್ಹರು, ಕೊನೆಯ ದಿನ ಯಾವುದು ಎಂಬುದನ್ನು ಆಯಾ ಜಾಲತಾಣದಲ್ಲೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿಯನ್ನು ನೆಚ್ಚಬೇಡಿ.

ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆಯುವವರು ಒಂದು ಮಾತು ಗಮನಿಸಬೇಕು. ವರ್ಷದ 80,000 ರೂಪಾಯಿಯಲ್ಲಿ 20,000 ಮೀಸಲಾಗಿರುವುದು ಬೇಸಿಗೆಯ ಸಂಶೋಧನಾ ಪ್ರಾಜೆಕ್ಟ್‌ಗೇ. ಮಾರ್ಗದರ್ಶಕರ ಪ್ರಮಾಣಪತ್ರ, ವರದಿ ಎರಡೂ ಬೇಕು. ಯಾರದೋ ಹಳೆಯ ವರದಿಯ ಮುಖಪುಟ ಬದಲಿಸಿ ಕಳಿಸುವ ಪರಿಪಾಠ ಕೆಲವು ಕಡೆ ಇದೆ. ಸರ್ಕಾರ ದುಡ್ಡು ಕೊಟ್ಟು ಕಲಿಯಲು ಹೇಳಿದಾಗ ಹಾಗೆ ಮಾಡುವುದು ತಮಗೆ ತಾವೇ ಮಾಡಿಕೊಳ್ಳುವ ಮೋಸ.

ನಿಮ್ಮಿಂದಲೇ ಹಣ ಕಟ್ಟಿಸಿಕೊಂಡು 'ಆನ್‌ಲೈನ್ ಇಂಟರ್ನ್‌ಶಿಪ್' ಪ್ರಮಾಣಪತ್ರ ಕೊಡುವವರಿಂದ ದೂರವಿರಿ. ಅದೇ ಹಣದಲ್ಲಿ ಒಳ್ಳೆಯ ಪುಸ್ತಕಗಳು ಬರುತ್ತವೆ.

ಎಲ್ಲಿಯೂ ಆಯ್ಕೆಯಾಗದಿದ್ದರೆ? ನಮ್ಮಲ್ಲಿ ಹೆಚ್ಚಿನವರ ಸ್ಥಿತಿ ಇದೇ, ಮುಂದಿನ ಮಾತೆಲ್ಲ ಅವರಿಗಾಗಿಯೇ. ಊರಿನಲ್ಲೇ ಇದ್ದು, ನಿಮ್ಮ ಕಾಲೇಜಿನ ಅಧ್ಯಾಪಕರ ಜೊತೆ ಮಾಡಿದ ಪ್ರಾಜೆಕ್ಟ್‌ಗೆ ಯಾವ ಕೀಳರಿಮೆಯೂ ಬೇಡ.

ಮಾರ್ಗದರ್ಶಕರನ್ನು ಕೇಳುವ ಬಗೆ

'ಸರ್, ನನಗೊಂದು ಪ್ರಾಜೆಕ್ಟ್ ಕೊಡಿ' ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದರೆ 'ನೋಡೋಣ' ಎಂಬ ಉತ್ತರ ಬರುತ್ತದೆ. ಮೌಲ್ಯಮಾಪನ, ಚುನಾವಣಾ ಕರ್ತವ್ಯ, ಪ್ರವೇಶಾತಿ ಎಲ್ಲವೂ ಅವರ ತಲೆಯ ಮೇಲಿರುತ್ತವೆ. ಬದಲಿಗೆ ಒಂದು ಪುಟ ಬರೆದುಕೊಂಡು ಹೋಗಿ. ಇಂಥ ಪಾಠದಲ್ಲಿ ಇಂಥದ್ದು ಇಷ್ಟವಾಯಿತು, ಅದರಲ್ಲಿ ಈ ಪ್ರಶ್ನೆ ಹುಟ್ಟಿತು, ಇಲ್ಲಿಯವರೆಗೆ ಇಷ್ಟು ಮಾಡಿ ನೋಡಿದ್ದೇನೆ ಎಂದು. 'ಮೇಡಂ, ವಾರಕ್ಕೊಂದು ಗಂಟೆ ಕೊಟ್ಟರೆ ಸಾಕು, ಪ್ರತಿ ಶನಿವಾರ ಬರೆದುಕೊಂಡು ಬರುತ್ತೇನೆ' ಎಂದು ಹೇಳಿ. ವಾರಕ್ಕೊಂದು ಗಂಟೆ ಯಾರೂ ಇಲ್ಲವೆನ್ನುವುದಿಲ್ಲ.

ವಿಷಯದಲ್ಲಿ ಪರಿಣತರಾಗಿರುವುದಕ್ಕಿಂತ ಸಿಟ್ಟಿಲ್ಲದೆ ಕೂತು ಕೇಳುವವರು ನಿಮಗೆ ಮುಖ್ಯ. ಕಪ್ಪುಹಲಗೆಯ ಮುಂದೆ ನೀವು ವಿವರಿಸುತ್ತಿರುವಾಗ 'ಈ ಸಾಲಿನಿಂದ ಆ ಸಾಲಿಗೆ ಹೇಗೆ ಬಂದೆ?' ಎಂದು ತಡೆದು ನಿಲ್ಲಿಸುವವರು ಸಿಕ್ಕರೆ ಅದೃಷ್ಟ. ಬೇರೆ ಊರಿನ ಪ್ರಾಧ್ಯಾಪಕರಿಗೆ ಇ–ಮೇಲ್ ಬರೆಯುವುದಾದರೆ ಹತ್ತು ಸಾಲು ಮೀರಬೇಡಿ. ಅವರ ಯಾವ ಕೆಲಸವನ್ನು ನೋಡಿದ್ದೀರಿ ಎಂಬುದು ಅದರಲ್ಲಿರಲಿ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಿದರೆ ಓದಿದವರಿಗೆ ತಕ್ಷಣ ತಿಳಿಯುತ್ತದೆ.

ಪ್ರಶ್ನೆಯನ್ನು ಆರಿಸುವುದು

ಒಳ್ಳೆಯ ಪ್ರಶ್ನೆಗೆ ನಾನಿಡುವ ಪರೀಕ್ಷೆ ಹೀಗಿದೆ. ಹತ್ತನೆಯ ತರಗತಿಯ ತಂಗಿಗೆ ಪ್ರಶ್ನೆ ಅರ್ಥವಾಗಬೇಕು. ಮೊದಲ ವಾರದಲ್ಲೇ ಕೈಯಿಂದ ಒಂದೆರಡು ಉದಾಹರಣೆ ಮಾಡಲು ಬರಬೇಕು. ಉತ್ತರ ಪೂರ್ತಿ ಸಿಗದಿದ್ದರೂ ಅರ್ಧ ಸಿಕ್ಕಿತು ಎನ್ನುವಂತಿರಬೇಕು. 'ಭಿನ್ನರಾಶಿ ಕಲನಶಾಸ್ತ್ರದ ಅನ್ವಯಗಳು', 'ಕೃಷಿಯಲ್ಲಿ ಕೃತಕ ಬುದ್ಧಿಮತ್ತೆ' ಇಂಥವು ಶೀರ್ಷಿಕೆಗಳೇ ಹೊರತು ಪ್ರಶ್ನೆಗಳಲ್ಲ.

ವಿಜಯಪುರದವರು ಗೋಳಗುಮ್ಮಟದ ಒಳಗೆ ನಿಂತು ಪಿಸುಗುಟ್ಟುವ ಗ್ಯಾಲರಿಯ ಬಗ್ಗೆ ಮಾತಾಡುತ್ತಾರೆ. ಗಣಿತದವರು ಅದಕ್ಕಿಂತ ಮೊದಲು ಗುಮ್ಮಟದ ಬುಡವನ್ನು ನೋಡಬೇಕು. 1656ರ ಹೊತ್ತಿಗೆ ಮುಗಿದ ಈ ಕಟ್ಟಡದ ಒಳಗಿನ ಹಜಾರ ಚೌಕಾಕಾರ, ಒಂದು ಬದಿ ಸುಮಾರು 41 ಮೀಟರ್. ಮೇಲೆ ಕೂತಿರುವುದು ದುಂಡನೆಯ ಗುಮ್ಮಟ. ಚೌಕದ ಮೇಲೆ ವೃತ್ತ ಹೇಗೆ ಕೂತಿತು? ನಾಲ್ಕು ಗೋಡೆಗಳ ಮೇಲೆ ಗೋಡೆಗೆರಡರಂತೆ ಎಂಟು ಬಿಂದುಗಳನ್ನು ಗುರುತಿಸಿ, ಅವು ನಿಯಮಿತ ಅಷ್ಟಭುಜದ ಶೃಂಗಗಳಾಗಲಿ. ಒಂದು ಬಿಟ್ಟು ಒಂದನ್ನು ಜೋಡಿಸಿದರೆ ಒಂದಕ್ಕೊಂದು 45 ಡಿಗ್ರಿ ತಿರುಗಿದ ಎರಡು ಚೌಕಗಳು ಬರುತ್ತವೆ. ಆ ಚೌಕಗಳ ಬದಿಗಳ ಗುಂಟ ಕಮಾನುಗಳು ಏಳುತ್ತವೆ, ಒಂದನ್ನೊಂದು ಹಾಯ್ದು ನಡುವೆ ತೆರೆದ ಜಾಗ ಬಿಡುತ್ತವೆ.

ಈಗ ಪ್ರಶ್ನೆ: ಎರಡೂ ಚೌಕಗಳ ಒಳಗೆ ಹಿಡಿಸುವ ಅತಿ ದೊಡ್ಡ ವೃತ್ತದ ವ್ಯಾಸ ಎಷ್ಟು? ಪಿಯುಸಿ ತ್ರಿಕೋನಮಿತಿ ಸಾಕು. ಹಜಾರದ ಬದಿಯ √(2−√2) ಪಟ್ಟು, ಅಂದರೆ ಸುಮಾರು 0.765 ಪಟ್ಟು, 41 ಮೀಟರಿಗೆ 31.4 ಮೀಟರ್. ಗೆರೆಗೆ ದಪ್ಪವಿಲ್ಲ, ಕಮಾನಿಗೆ ಇದೆ. ಆದ್ದರಿಂದ ನಿಜವಾದ ತೆರವು ಇದಕ್ಕಿಂತ ಚಿಕ್ಕದು.

ಇಲ್ಲಿಗೆ ನಿಲ್ಲಿಸಿದರೆ ಅದು ಮನೆಗೆಲಸದ ಲೆಕ್ಕ. ಸಂಶೋಧನೆ ಮುಂದಿನ ಹೆಜ್ಜೆಯಲ್ಲಿದೆ: ಎರಡೇ ಚೌಕ ಏಕೆ? ಮೂರು ಚೌಕಗಳನ್ನು 30 ಡಿಗ್ರಿ ಅಂತರದಲ್ಲಿಟ್ಟು, ಹನ್ನೆರಡು ಬದಿಯ ಆಕೃತಿಯಿಂದ ಹೊರಟರೆ ವ್ಯಾಸದ ಪ್ರಮಾಣ √3−1, ಅಂದರೆ ಸುಮಾರು 0.732ಕ್ಕೆ ಇಳಿಯುತ್ತದೆ. ಚೌಕಗಳು ಹೆಚ್ಚಿದಂತೆ ಅದು 0.707ರ ಕಡೆಗೆ ಸರಿಯುತ್ತದೆ. ದಾಟಬೇಕಾದ ತೆರವು ಕಿರಿದಾಯಿತಲ್ಲ, ಲಾಭವೇ ಆಯಿತಲ್ಲ ಎನಿಸಬಹುದು. ಚಿತ್ರ ಬರೆದು ನೋಡಿ. ಹನ್ನೆರಡು ಶೃಂಗಗಳಲ್ಲಿ ಎಂಟು ಮಾತ್ರ ಗೋಡೆಯನ್ನು ಮುಟ್ಟುತ್ತವೆ. ಉಳಿದ ನಾಲ್ಕು ಮೂಲೆಗಳ ಕಡೆ ಗಾಳಿಯಲ್ಲಿ ನಿಲ್ಲುತ್ತವೆ. ಆ ಕಮಾನುಗಳಿಗೆ ಕಾಲೂರಲು ಜಾಗವೇ ಇಲ್ಲ. ಎಂಟೂ ಶೃಂಗಗಳು ಗೋಡೆಯ ಮೇಲೇ ಇರುವುದು ಅಷ್ಟಭುಜದಲ್ಲಿ. ಹಜಾರ ಷಡ್ಭುಜವಾಗಿದ್ದರೆ ಏನಾಗುತ್ತಿತ್ತು? ಆಯತವಾಗಿದ್ದರೆ? ಎಂಟು ವಾರಗಳಿಗೆ ಸಾಕಾಗುವಷ್ಟು ಇಲ್ಲಿಯೇ ಇದೆ. (ಸ್ಮಾರಕದೊಳಗೆ ಸ್ಟ್ಯಾಂಡ್ ಇಟ್ಟು ಅಳೆಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.)

ಬಾಗಲಕೋಟೆ ಜಿಲ್ಲೆಯವರಿಗೆ ಇಳಕಲ್ಲ ಸೀರೆಯ ದಡಿ, ಗುಳೇದಗುಡ್ಡದ ಖಣ ಇವೆ. ಒಂದೇ ನೇರದಲ್ಲಿ ಮರುಕಳಿಸುತ್ತ ಹೋಗುವ ಪಟ್ಟಿ ವಿನ್ಯಾಸಗಳಿಗೆ ಸಮಮಿತಿಯ ಏಳೇ ಬಗೆಗಳಿವೆ, ಹಾಳೆಯಂತೆ ಎರಡೂ ದಿಕ್ಕಿನಲ್ಲಿ ಹರಡುವ ವಿನ್ಯಾಸಗಳಿಗೆ ಹದಿನೇಳು. ನೇಕಾರರ ಮನೆಯಲ್ಲಿ ಅನುಮತಿ ಪಡೆದು ದಡಿಗಳ ಫೋಟೊ ತೆಗೆದು, ಏಳರಲ್ಲಿ ಯಾವುವು ಸಿಗುತ್ತವೆ, ಯಾವುವು ಸಿಗುವುದೇ ಇಲ್ಲ, ಮಗ್ಗದ ಕಟ್ಟುಪಾಡಿನಿಂದ ಹಾಗಾಗುತ್ತದೆಯೇ ಎಂದು ಕೇಳಬಹುದು. ಸಮಮಿತಿಯ ಗಣಿತವಾದ ಗ್ರೂಪ್ ಸಿದ್ಧಾಂತವನ್ನು ಪರೀಕ್ಷೆಗಾಗಿ ಮಾತ್ರ ಓದಿದವರಿಗೆ ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಶುದ್ಧ ಗಣಿತದ ಒಂದು ವಾರ ಹೇಗಿರುತ್ತದೆ

ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ ಕಂಡುಕೊಂಡ ಆಟವನ್ನೇ ತೆಗೆದುಕೊಳ್ಳೋಣ. ಮೂರಂಕಿಯ ಸಂಖ್ಯೆಯೊಂದರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿಟ್ಟು, ಅದರಿಂದ ಏರಿಕೆ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಿ. ಅಂಕಿಗಳು ಎಲ್ಲವೂ ಒಂದೇ ಆಗಿರದಿದ್ದರೆ ಕೊನೆಗೆ 495ಕ್ಕೆ ಬಂದು ನಿಲ್ಲುತ್ತೀರಿ. (ನಾಲ್ಕಂಕಿಗೆ ಪ್ರಸಿದ್ಧವಾದದ್ದು 6174.)

ಮೊದಲ ದಿನ ಹತ್ತಿಪ್ಪತ್ತು ಸಂಖ್ಯೆಗಳನ್ನು ಕೈಯಿಂದಲೇ ಮಾಡಿ, ಕಂಪ್ಯೂಟರ್ ಮುಟ್ಟಬೇಡಿ. ಆಗ ಕಣ್ಣಿಗೆ ಬೀಳುತ್ತದೆ: ನಡುವಿನ ಅಂಕಿ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಅಂಕಿ, ಸಣ್ಣ ಅಂಕಿಗಳ ವ್ಯತ್ಯಾಸವನ್ನು 99ರಿಂದ ಗುಣಿಸಿದ್ದೇ ಉತ್ತರ. ಹಾಗಾದರೆ ಒಂದು ಸುತ್ತಿನ ನಂತರ ಉಳಿಯುವುದು 099ರಿಂದ 891ರವರೆಗಿನ ಒಂಬತ್ತೇ ಸಂಖ್ಯೆಗಳು. ಅವನ್ನು ಪರೀಕ್ಷಿಸಿದರೆ 495ರ ಸಾಧನೆ (ಪ್ರೂಫ್) ಮುಗಿಯಿತು.

ಮುಂದಿನ ಪ್ರಶ್ನೆ ನಿಮ್ಮದು: ಹತ್ತರ ಬದಲು ಬೇರೆ ಆಧಾರ ಸಂಖ್ಯೆಯಲ್ಲಿ ಬರೆದರೆ? ಆಧಾರವನ್ನು 'ಬ' ಎಂದೂ, ದೊಡ್ಡ ಹಾಗೂ ಸಣ್ಣ ಅಂಕಿಗಳ ವ್ಯತ್ಯಾಸವನ್ನು 'ವ' ಎಂದೂ ಕರೆಯಿರಿ. ಕಳೆದು ಬಂದ ಸಂಖ್ಯೆಯ ಅಂಕಿಗಳು ಕ್ರಮವಾಗಿ ವ−1, ಬ−1, ಬ−ವ. ಆದ್ದರಿಂದ ಹೊಸ ವ್ಯತ್ಯಾಸ, ಬ−ವ ಮತ್ತು ವ−1 ಇವೆರಡರಲ್ಲಿ ದೊಡ್ಡದು. ಇಲ್ಲಿಂದ ನೇರವಾಗಿ ಹೊರಬರುತ್ತದೆ: 'ಬ' ಸಮಸಂಖ್ಯೆಯಾದರೆ ವ್ಯತ್ಯಾಸ ಬ/2ಕ್ಕೆ ಬಂದು ನಿಲ್ಲುತ್ತದೆ, ಬೆಸವಾದರೆ ಎಲ್ಲಿಯೂ ನಿಲ್ಲದೆ (ಬ−1)/2, (ಬ+1)/2 ಇವೆರಡರ ನಡುವೆ ಓಲಾಡುತ್ತದೆ. ಇದು ಹಿಂದೆಯೇ ಗೊತ್ತಿರುವ ಫಲಿತಾಂಶವಾಗಿರಬಹುದು. ಅದರಿಂದ ನಿಮ್ಮ ಕೆಲಸದ ಬೆಲೆ ಇಳಿಯುವುದಿಲ್ಲ. ಉದಾಹರಣೆ, ಊಹೆ, ಸಾಧನೆ, ಮುಂದಿನ ಪ್ರಶ್ನೆ ಎಂಬ ನಡಿಗೆಯನ್ನು ನೀವೇ ನಡೆದು ನೋಡಿದ್ದೀರಿ. ವರದಿಯಲ್ಲಿ ಮಾತ್ರ ಯಾವುದು ಓದಿದ್ದು, ಯಾವುದು ನೀವೇ ಮಾಡಿದ್ದು ಎಂದು ಸ್ಪಷ್ಟವಾಗಿ ಬರೆಯಬೇಕು. ಚಾಟ್‌ಬಾಟ್‌ನಿಂದ ಸಾಧನೆ ಬರೆಸಿದವರೂ ಪ್ರತಿ ಸಾಲನ್ನು ಹಲಗೆಯ ಮುಂದೆ ಸಮರ್ಥಿಸಬೇಕಾಗುತ್ತದೆ. ಎಲ್ಲೋ ನಡುವೆ ಒಂದು ಸಾಲು ಕುಸಿಯುವುದು ಆಗಲೇ ತಿಳಿಯುತ್ತದೆ.

ಸಂಖ್ಯಾಶಾಸ್ತ್ರದವರಿಗೆ: ಅಂಕಿಅಂಶ ನಂಬುವ ಮುನ್ನ

ಅಂಕಿಅಂಶಕ್ಕೆ ಬರವಿಲ್ಲ. ರಾಜ್ಯದ ಕೃಷಿ ಮಾರಾಟವಾಹಿನಿ ಜಾಲತಾಣದಲ್ಲಿ ಎಪಿಎಂಸಿವಾರು ಆವಕ, ಕನಿಷ್ಠ, ಗರಿಷ್ಠ, ಮಾದರಿ ಬೆಲೆಗಳು ಸಿಗುತ್ತವೆ. ಪುಣೆಯ ಹವಾಮಾನ ಇಲಾಖೆ 1901ರಿಂದ ಈಚಿನ ದಿನವಾರು ಮಳೆಯನ್ನು ಕಾಲು ಡಿಗ್ರಿಯ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ಆಲಮಟ್ಟಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳು ಮಳೆಗಾಲದಲ್ಲಿ ಪತ್ರಿಕೆಯಲ್ಲೇ ಬರುತ್ತವೆ.

ಸಿಕ್ಕ ಕೂಡಲೇ ರಿಗ್ರೆಷನ್ ಹಾಕುವ ಆತುರ ಬೇಡ. ಎಂಟು ವಾರಗಳಲ್ಲಿ ಎರಡನ್ನಾದರೂ ಅಂಕಿಅಂಶದ ಶುದ್ಧೀಕರಣಕ್ಕೆ ಮೀಸಲಿಡಿ. ಆಲಮಟ್ಟಿಯನ್ನೇ ನೋಡಿ. 519.6 ಮೀಟರ್ ಪೂರ್ಣ ಮಟ್ಟದಲ್ಲಿ ಅದು ಹಿಡಿಯುವುದು ಸುಮಾರು 123 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ). ಹರಿವನ್ನು ಕ್ಯುಸೆಕ್‌ನಲ್ಲಿ ಕೊಡುತ್ತಾರೆ, ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಒಳಹರಿವು 50,000, ಹೊರಹರಿವು 10,000 ಕ್ಯುಸೆಕ್ ಎಂದು ಇಟ್ಟುಕೊಂಡರೆ ಮರುದಿನ ಸಂಗ್ರಹ ಸುಮಾರು 3.46 ಟಿಎಂಸಿ ಅಡಿ ಏರಿರಬೇಕು. ಆವಿಯಾಗುವ ನೀರಿನಿಂದ ಸಣ್ಣ ವ್ಯತ್ಯಾಸ ಬರಬಹುದು, ಹತ್ತು ಪಟ್ಟು ಬರಲಾರದು. ಬಂದರೆ ಎಲ್ಲೋ ಒಂದು ಸೊನ್ನೆ ಹೆಚ್ಚು ಕಡಿಮೆಯಾಗಿದೆ. ಇಡೀ ಕಡತವನ್ನು ಹೀಗೆ ದಿನದಿನ ತಾಳೆ ನೋಡಿದವರಿಗೆ ಆ ಜಲಾಶಯ ಹೇಗೆ ತುಂಬುತ್ತದೆ ಎಂಬುದು ಯಾವ ಪುಸ್ತಕವೂ ಹೇಳದಷ್ಟು ಚೆನ್ನಾಗಿ ಗೊತ್ತಾಗಿರುತ್ತದೆ.

ಮಳೆಯ ದಾಖಲೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. 15ನೇ ತಾರೀಖಿನ ಮಳೆ ಎಂದರೆ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ಇದನ್ನು ಬೇರೆ ದಿನವಾರು ಅಂಕಿಗಳ ಜೊತೆ ಜೋಡಿಸುವಾಗ ಒಂದು ದಿನ ಹಿಂದೆ ಮುಂದೆ ಆಗುತ್ತದೆ. ದಿನಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಹವಾಮಾನ ಇಲಾಖೆ ಅದನ್ನು 'ಮಳೆಯ ದಿನ' ಎಂದು ಎಣಿಸುತ್ತದೆ. ಬೆಲೆಯ ಪಟ್ಟಿಯಲ್ಲಿ ಸೊನ್ನೆ ಕಂಡರೆ ಉಳ್ಳಾಗಡ್ಡಿಯನ್ನು ಪುಕ್ಕಟೆ ಕೊಟ್ಟರೆಂದಲ್ಲ, ಅಂದು ಮಾರುಕಟ್ಟೆ ರಜೆ. ಆ ಸೊನ್ನೆಗಳನ್ನು ಸೇರಿಸಿ ಸರಾಸರಿ ತೆಗೆದರೆ ಮುಂದಿನದೆಲ್ಲ ತಪ್ಪು.

ವಿಧಾನದ ಬಗ್ಗೆ ಎರಡು ಮಾತು. ನಿನ್ನೆಯ ಬೆಲೆ ಇಂದಿನದನ್ನು ನಿರ್ಧರಿಸುತ್ತದೆ. ಪಠ್ಯಪುಸ್ತಕದ 'ಸ್ವತಂತ್ರ ಅವಲೋಕನ' ಇಲ್ಲಿ ಇಲ್ಲ. ವರ್ಷವರ್ಷ ಏರುವ ಯಾವುದೇ ಎರಡು ಬೆಲೆಗಳ ನಡುವೆ ಸಹಸಂಬಂಧ 0.9 ಬರಬಹುದು, ಅದಕ್ಕೆ ಅರ್ಥವೇ ಇರದಿರಬಹುದು. ಬೆಲೆಯ ಲಾಗರಿದಮ್ ತೆಗೆದು ದಿನದಿಂದ ದಿನಕ್ಕೆ ಆದ ಬದಲಾವಣೆಯನ್ನು ಮೊದಲು ನೋಡಿ. ಇನ್ನು ಪರೀಕ್ಷೆಗಳ ಸಂಗತಿ: ಏನೂ ಸಂಬಂಧವಿಲ್ಲದ ಕಡೆ ಶೇ 5ರ ಮಟ್ಟದಲ್ಲಿ 20 ಸ್ವತಂತ್ರ ಪರೀಕ್ಷೆ ಮಾಡಿದರೆ ಒಂದಾದರೂ 'ಗಮನಾರ್ಹ' ಎಂದು ಬರುವ ಸಂಭವ ಶೇ 64. ಬಂದ ಒಂದನ್ನೇ ವರದಿಯಲ್ಲಿಟ್ಟು ಉಳಿದ ಹತ್ತೊಂಬತ್ತನ್ನು ಬಚ್ಚಿಡಬೇಡಿ. ಏನನ್ನು ಪರೀಕ್ಷಿಸುತ್ತೀರಿ ಎಂಬುದನ್ನು ಅಂಕಿ ನೋಡುವ ಮೊದಲೇ ತಾರೀಖು ಹಾಕಿ ಬರೆದಿಡಿ.

ಸಾಫ್ಟ್‌ವೇರ್‌ಗೆ ಖರ್ಚು ಬೇಡ. ಆರ್, ಪೈಥಾನ್, ಜಿಯೋಜಿಬ್ರಾ, ಸೇಜ್ ಎಲ್ಲವೂ ಉಚಿತ.

ವಾರಗಳ ಹಂಚಿಕೆ

ನಮ್ಮಲ್ಲಿ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ತಲೆ ಓಡುವುದಿಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಕಠಿಣ ಕೆಲಸ, ಮಧ್ಯಾಹ್ನ ನಕಲು ತೆಗೆಯುವುದು, ಚಿತ್ರ ಬರೆಯುವುದು. ಮೊದಲ ಎರಡು ವಾರ ಓದು ಮತ್ತು ಕೈಲೆಕ್ಕ. ಇಡೀ ಪುಸ್ತಕವಲ್ಲ, ಬೇಕಾದ ಒಂದೆರಡು ಅಧ್ಯಾಯ. ಮೂರರಿಂದ ಆರು ಮುಖ್ಯ ಕೆಲಸ. ನಾಲ್ಕನೆಯ ವಾರದ ಕೊನೆಗೆ ಅಧ್ಯಾಪಕರ ಜೊತೆ ಕೂತು ಪ್ರಶ್ನೆಯನ್ನು ಮತ್ತೆ ಕತ್ತರಿಸಿ. ಬಹುತೇಕ ಎಲ್ಲರಿಗೂ ಕತ್ತರಿಸಬೇಕಾಗುತ್ತದೆ. ಕೊನೆಯ ಎರಡು ವಾರ ಬರೆಯುವುದಕ್ಕೆ ಮಾತ್ರ. ಉದ್ದಕ್ಕೂ ಒಂದು ನೋಟ್‌ಬುಕ್ ಇರಲಿ, ತಪ್ಪಿದ ದಾರಿಗಳನ್ನೂ ಹೊಡೆದುಹಾಕದೆ ಬಿಡಿ. ಮನೆಯಲ್ಲಿ ಮದುವೆ, ಜಾತ್ರೆ ಇದ್ದೇ ಇರುತ್ತವೆ. ಅವುಗಳ ದಿನಗಳನ್ನು ಮೊದಲೇ ಕಳೆದು ಲೆಕ್ಕ ಹಾಕಿ.

ವರದಿ ಮತ್ತು ಮುಂದಿನದು

ಹದಿನೈದು ಇಪ್ಪತ್ತು ಪುಟ ಸಾಕು. ಲೇಟೆಕ್ ಕಲಿಯಲು ಇದೇ ಸಮಯ. ಗಣಿತದ ಸೂತ್ರಗಳಿಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಮೊದಲ ಪುಟದಲ್ಲೇ ಪ್ರಶ್ನೆ ಮತ್ತು ಉತ್ತರ ಎರಡನ್ನೂ ಹೇಳಿಬಿಡಿ. ಜೊತೆಗೆ ಒಂದು ಪುಟದ ಕನ್ನಡ ಸಾರಾಂಶ ಇರಲಿ, ಯುನಿಕೋಡ್‌ನಲ್ಲಿ. ನುಡಿ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿ ಟೈಪ್ ಮಾಡಿದ್ದು ಬೇರೆ ಯಂತ್ರದಲ್ಲಿ ಕಲಸಿಹೋಗುತ್ತದೆ. ಅಂಕಿಅಂಶ ಕೊಟ್ಟ ವರ್ತಕರು, ದಡಿ ತೋರಿಸಿದ ನೇಕಾರರು ಓದುವುದು ಆ ಪುಟವನ್ನೇ. ಅವರಿಗೆ ಒಂದು ಪ್ರತಿ ಮುಟ್ಟಿಸಿ.

ಕಾಲೇಜು ಮರುತೆರೆದ ಮೇಲೆ ಇಪ್ಪತ್ತು ನಿಮಿಷ ಕಿರಿಯರ ಮುಂದೆ ಮಾತಾಡಲು ಅವಕಾಶ ಕೇಳಿ. ಸ್ಲೈಡ್‌ಗಿಂತ ಕಪ್ಪುಹಲಗೆ ಮೇಲು. ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ನಿಯತಕಾಲಿಕೆಗಳಿಂದ ಕರೆ ಬಂದರೆ ಹೋಗಬೇಡಿ. ಆ ಮುದ್ರಣ ಮುಂದೆ ನಿಮಗೇ ಅಡ್ಡ ಬರುತ್ತದೆ. ವರದಿ, ಶುದ್ಧಗೊಳಿಸಿದ ಅಂಕಿಅಂಶ, ಪ್ರೋಗ್ರಾಮ್ ಮೂರನ್ನೂ ಒಂದು ಫೋಲ್ಡರ್‌ನಲ್ಲಿಟ್ಟು, ಯಾವ ಕಡತ ಯಾವುದಕ್ಕೆ ಎಂದು ಬರೆದು ವಿಭಾಗಕ್ಕೆ ಒಪ್ಪಿಸಿ. ಬಿಡಿಸದೆ ಉಳಿದ ಪ್ರಶ್ನೆಗಳ ಪಟ್ಟಿಯನ್ನೂ ಅದರಲ್ಲಿಡಿ, ಮುಂದಿನ ವರ್ಷದವರು ಅಲ್ಲಿಂದಲೇ ಹೊರಡಬಹುದು. ನೀವು ಅದೇ ವರದಿಯ ಮೊದಲ ಪುಟವನ್ನು ಇಟ್ಟುಕೊಂಡು ಅಕಾಡೆಮಿಗಳ ಫೆಲೋಶಿಪ್‌ಗೆ ಕಿರುಬರಹ ಬರೆಯಲು ಕೂತುಕೊಳ್ಳಿ; ಆ ಹೊತ್ತಿಗೆ ಹೊಸ ಅರ್ಜಿಗಳು ಹೊರಬೀಳುವ ಕಾಲ ಹತ್ತಿರ ಬಂದಿರುತ್ತದೆ.